ನೀರು ಕುಡಿದ ಇಂಜಿನ್: ಹೊಳೆ, ಕೆರೆ, ಕೊಳವೆಬಾವಿಗಳ ನಡುವೆ ಒಂದು ಸಮೀಕ್ಷೆ

ಗಾಜನೂರಿನ ತುಂಗಾ ಜಲಾಶಯ ಹಿಡಿದಿಟ್ಟುಕೊಳ್ಳುವುದು ಬರೀ 3.24 ಟಿಎಂಸಿ ಅಡಿ ನೀರು. ಲಕ್ಕವಳ್ಳಿಯ ಭದ್ರೆಯದು 71.5 ಟಿಎಂಸಿ. ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದರೆ ಭದ್ರೆ ವಾರಗಟ್ಟಲೆ ನುಂಗಿಕೊಂಡು ಕೂರಬಲ್ಲಳು, ತುಂಗೆಗೆ ಅಷ್ಟು ಹೊಟ್ಟೆಯಿಲ್ಲ. ಬಂದ ನೀರನ್ನು ಬಂದ ಹಾಗೆ ಬಿಡಲೇಬೇಕು. ಅದು ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ ತುಂಗಭದ್ರೆಯಾಗಿ ನ್ಯಾಮತಿ, ಹೊನ್ನಾಳಿ ತಾಲ್ಲೂಕುಗಳ ದಂಡೆಗೆ ಬರುವ ಹೊತ್ತಿಗೆ ಹೊಳೆ ಒಂದೇ ರಾತ್ರಿಯಲ್ಲಿ ಆಳೆತ್ತರ ಏರಿರುತ್ತದೆ. ಹೊನ್ನಾಳಿಯ ಬಾಲರಾಜ್ ಘಾಟಿನ ಮನೆಗಳಿಗೆ ನೀರು ಬಂತೆಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಕೆಳಗೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಸ್ನಾನಘಟ್ಟ ಮುಳುಗಿದ ಚಿತ್ರವೂ ಬರುತ್ತದೆ. ಆದರೆ ದಂಡೆಯುದ್ದಕ್ಕೂ ತೋಟಕ್ಕೆ, ಗದ್ದೆಗೆ ನೀರೆತ್ತಲು ಇಟ್ಟ ಡೀಸೆಲ್ ಇಂಜಿನ್‌ಗಳು, ಮೋಟಾರುಗಳು ಅದೇ ರಾತ್ರಿ ಮುಳುಗಿದ ವಿಷಯ ಸುದ್ದಿಯಾಗುವುದಿಲ್ಲ. ಹೊಳೆ ಇಳಿದ ಮೇಲೆ ಅವುಗಳ ಗತಿ ಏನೆಂಬುದು ಈ ಲೇಖನದ ವಿಷಯ.

ದೋಣಿಯ ಇಂಜಿನ್‌ಗೆ ನೀರು ಹೊಕ್ಕರೆ ಏನು ಮಾಡಬೇಕು ಎಂಬುದು ಕರಾವಳಿಯವರ ಪ್ರಶ್ನೆ ಎಂದು ನಮ್ಮ ಬಯಲುನಾಡಿನವರು ಅಂದುಕೊಳ್ಳುವುದುಂಟು. ಹಾಗಲ್ಲ. ದಾವಣಗೆರೆ ಜಿಲ್ಲೆಯ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದೇ ಪ್ರಶ್ನೆ ನಾಲ್ಕು ರೂಪದಲ್ಲಿ ಎದುರಾಗುತ್ತದೆ. ಹೊನ್ನಾಳಿ, ನ್ಯಾಮತಿಗಳಲ್ಲಿ ನೆರೆಗೆ ಸಿಕ್ಕ ಪಂಪ್‌ಸೆಟ್. ನೆರೆಯ ಹೊತ್ತಿಗೆ ಬರುವ ರಕ್ಷಣಾ ದೋಣಿಯ ಹಿಂಬದಿ ಮೋಟಾರು. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಬಲೆ, ಕೆರೆಯಂಚಿನ ಯಂತ್ರಗಳು. ಜಗಳೂರಿನಲ್ಲಿ ನೂರಾರು ಅಡಿ ಆಳದ ಕೊಳವೆಬಾವಿಯೊಳಗಿನ ಸಬ್‌ಮರ್ಸಿಬಲ್. ಯಂತ್ರಗಳು ಬೇರೆ ಬೇರೆಯಾದರೂ ಕೆಡುವ ಬಗೆಯಲ್ಲಿ ಒಂದು ಹೋಲಿಕೆಯಿದೆ. ನೀರು ಒಳಹೊಕ್ಕ ಗಳಿಗೆಯಲ್ಲಿ ಆಗುವ ಹಾನಿ ಸಾಮಾನ್ಯವಾಗಿ ಚಿಕ್ಕದು. ದೊಡ್ಡ ಹಾನಿ ಆಗುವುದು ಆಮೇಲೆ ನಾವು ಅದನ್ನು ಸ್ಟಾರ್ಟ್ ಮಾಡಲು ಹೋದಾಗ, ಇಲ್ಲವೇ ಹೆದರಿ ಹಾಗೇ ಬಿಟ್ಟಾಗ. ಮೊದಲ ಗಂಟೆಯ ಅವಸರ ರಾಡನ್ನು ಬಗ್ಗಿಸುತ್ತದೆ, ಮೊದಲ ವಾರದ ಆಲಸ್ಯ ಬೇರಿಂಗನ್ನು ತಿನ್ನುತ್ತದೆ.

ಮೆಕ್ಯಾನಿಕ್ ಬಂದ ಕೂಡಲೇ ಕೇಳುವುದು ಮೂರು ಮಾತು: ಮುಳುಗಿದಾಗ ಇಂಜಿನ್ ಓಡುತ್ತಿತ್ತೋ ನಿಂತಿತ್ತೋ? ಎಷ್ಟು ಹೊತ್ತು ನೀರಲ್ಲಿತ್ತು? ಆಮೇಲೆ ಯಾರಾದರೂ ಹ್ಯಾಂಡಲ್ ಹೊಡೆದಿರಾ? ಮೂರನೆಯದಕ್ಕೆ ಬರುವ ಉತ್ತರದ ಮೇಲೆ ರಿಪೇರಿಯ ಖರ್ಚು ನಿಂತಿರುತ್ತದೆ.

ಯಾಕೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ನಮ್ಮ ಹೊಲಗಳಲ್ಲಿ ಬಹುಕಾಲದಿಂದ ದುಡಿಯುತ್ತಿರುವ 5 ಅಶ್ವಶಕ್ತಿಯ ಕಿರ್ಲೋಸ್ಕರ್ ಎವಿ-1 ಡೀಸೆಲ್ ಇಂಜಿನ್ ತೆಗೆದುಕೊಳ್ಳಿ. ಸಿಲಿಂಡರಿನ ಅಗಲ 80 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 110 ಮಿಲಿಮೀಟರ್. ಅಂದರೆ ಪಿಸ್ಟನ್ ಕೆಳಗಿಳಿದಾಗ ಎಳೆದುಕೊಳ್ಳುವ ಗಾಳಿ ಸುಮಾರು 553 ಮಿಲಿಲೀಟರ್. ಕಂಪ್ರೆಷನ್ ಪ್ರಮಾಣ 16.5ಕ್ಕೆ 1. ಪಿಸ್ಟನ್ ತುದಿಗೆ ಏರಿದಾಗ ಅದರ ಮೇಲೆ ಉಳಿಯುವ ಜಾಗ ಹಾಗಾದರೆ ಎಷ್ಟು? 553ನ್ನು 15.5ರಿಂದ ಭಾಗಿಸಿ: ಸುಮಾರು 36 ಮಿಲಿಲೀಟರ್. ಹೋಟೆಲಿನ ಬೈಟು ಕಾಫಿಯ ಅರ್ಧದಷ್ಟು. ಗಾಳಿಯಾದರೆ ಆ ಜಾಗದೊಳಗೆ ಮುದುಡಿಕೊಂಡು ಕೆಂಪಗೆ ಕಾಯುತ್ತದೆ, ಡೀಸೆಲ್ ಹೊತ್ತಿಕೊಳ್ಳುತ್ತದೆ. ನೀರು ಮುದುಡುವುದಿಲ್ಲ. 36 ಮಿಲಿಲೀಟರಿಗಿಂತ ಹೆಚ್ಚು ನೀರು ಅಲ್ಲಿದ್ದರೆ ಪಿಸ್ಟನ್ ತುದಿ ಮುಟ್ಟಲು ಸಾಧ್ಯವೇ ಇಲ್ಲ. ಕೆಳಗಿನಿಂದ ಕ್ರ್ಯಾಂಕ್ ತಳ್ಳುತ್ತಿದೆ, ಮೇಲಿನಿಂದ ನೀರು ಬಿಡುತ್ತಿಲ್ಲ, ನಡುವೆ ಸಿಕ್ಕಿಕೊಂಡದ್ದು ಕನೆಕ್ಟಿಂಗ್ ರಾಡ್. 1500 ಸುತ್ತಿನಲ್ಲಿ ಓಡುವ ಇಂಜಿನ್‌ನಲ್ಲಿ ಪಿಸ್ಟನ್ ಕೆಳಗಿನಿಂದ ಮೇಲೆ ಬರಲು ಹಿಡಿಯುವ ಹೊತ್ತು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು. ಆ ರಭಸದಲ್ಲಿ ರಾಡ್ ಬಗ್ಗುತ್ತದೆ, ಕೆಲವೊಮ್ಮೆ ಮುರಿದು ಕ್ರ್ಯಾಂಕ್‌ಕೇಸಿನ ಗೋಡೆಯನ್ನೇ ಒಡೆದು ಹೊರಬರುತ್ತದೆ. ಇದನ್ನೇ ಹೈಡ್ರಾಲಿಕ್ ಲಾಕ್ ಅನ್ನುತ್ತಾರೆ. ನಮ್ಮ ಕಡೆ ‘ಇಂಜಿನ್ ನೀರು ಕುಡಿದು ಹಿಡಕೊಂತು’ ಎಂದರೆ ಮುಗಿಯಿತು.

ಪೆಟ್ರೋಲ್ ಇಂಜಿನ್‌ನ ಕಂಪ್ರೆಷನ್ ಕಡಿಮೆ, ಆದ್ದರಿಂದ ಅದರ ತಲೆಯ ಜಾಗ ಹೆಚ್ಚು. ಇದೇ ಗಾತ್ರದ ಸಿಲಿಂಡರ್ 8ಕ್ಕೆ 1 ಇದ್ದರೆ 79 ಮಿಲಿಲೀಟರ್ ಸಿಗುತ್ತದೆ. ಅಷ್ಟರಮಟ್ಟಿಗೆ ಅದು ಬಚಾವು. ಡೀಸೆಲ್‌ಗೆ ಆ ಸಡಿಲವಿಲ್ಲ.

ನಿಂತ ಇಂಜಿನ್ ಮುಳುಗಿದರೆ ರಾಡಿಗೆ ಏನೂ ಆಗಿರುವುದಿಲ್ಲ. ನೀರು ಏರ್ ಫಿಲ್ಟರಿನಿಂದ, ಸೈಲೆನ್ಸರ್ ಕೊಳವೆಯಿಂದ, ಡಿಪ್‌ಸ್ಟಿಕ್ ತೂತಿನಿಂದ, ಬ್ರೀದರಿನಿಂದ ಮೆಲ್ಲಗೆ ಇಳಿದು ಒಳಗೆ ಕೂತಿರುತ್ತದೆ. ಎಲ್ಲವೂ ಸರಿಯಾಗಿಯೇ ಇದೆ, ಯಾರೂ ತಿರುಗಿಸದಿದ್ದರೆ. ಇಲ್ಲಿ ಕೈ ಹ್ಯಾಂಡಲ್ ಇಂಜಿನ್‌ಗಳ ಡಿಕಂಪ್ರೆಷನ್ ಲಿವರ್ ವಿಷಯ ಹೇಳಬೇಕು. ಲಿವರ್ ಎತ್ತಿಟ್ಟರೆ ವಾಲ್ವ್ ತೆರೆದೇ ಇರುತ್ತದೆ, ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ, ಒಳಗಿನ ನೀರು ಸ್ವಲ್ಪ ಸ್ವಲ್ಪವಾಗಿ ಸೈಲೆನ್ಸರಿನಿಂದ ಚಿಮ್ಮುತ್ತದೆ. ಇದನ್ನು ನೋಡಿ ‘ನೀರೆಲ್ಲಾ ಹೋಯ್ತು’ ಎಂದು ಜೋರಾಗಿ ತಿರುಗಿಸಿ ಲಿವರ್ ಬಿಟ್ಟುಬಿಡುವವರಿದ್ದಾರೆ. ಆಗ ತಿರುಗುತ್ತಿರುವ ಭಾರೀ ಚಕ್ರದ ಅಷ್ಟೂ ಬಲ ಉಳಿದ ನೀರಿನ ಮೇಲೆ ಬೀಳುತ್ತದೆ. ಕೈಬಲದಿಂದ ರಾಡ್ ಬಗ್ಗುವುದಿಲ್ಲ ನಿಜ, ಚಕ್ರದ ಬಲದಿಂದ ಬಗ್ಗುತ್ತದೆ. ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡುವುದಂತೂ ಇದಕ್ಕಿಂತ ಅಪಾಯ.

ಹಾಗಾದರೆ ಸರಿಯಾದ ಕ್ರಮ ಯಾವುದು? ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚುವುದು. ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚುವುದು. ದಂಡೆಯ ಮೇಲೆ ಎಳೆದು ನಿಲ್ಲಿಸಿದ ಇಂಜಿನ್‌ನ ಎರಡು ನಟ್ ಸಡಿಲಿಸಿ, ನಾಝಲನ್ನು ಅತ್ತಿತ್ತ ಅಲುಗಿಸಿ ಹೊರತೆಗೆದು, ಒಬ್ಬರು ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಅರ್ಧ ಸುತ್ತು ತರುತ್ತಾರೆ. ಮೊದಲು ಏನೂ ಕಾಣುವುದಿಲ್ಲ. ಪಿಸ್ಟನ್ ಮೇಲೇರುತ್ತ ಬಂದಂತೆ ನಾಝಲಿನ ತೂತಿನಿಂದ ಕೆಮ್ಮಣ್ಣು ಬಣ್ಣದ ನೀರು ಸೀದಾ ಮೇಲಕ್ಕೆ ಹಾರುತ್ತದೆ, ಮೊದಲ ಸಲ ಗೇಣೆತ್ತರ, ಆಮೇಲೆ ಬೆರಳೆತ್ತರ, ಆಮೇಲೆ ಬರೀ ಆವಿಯ ಹಾಗೆ ತುಂತುರು. ಅನುಭವಿ ಫಿಟ್ಟರ್ ಆ ನೀರನ್ನು ಅಂಗೈಯಲ್ಲಿ ಹಿಡಿದು ಎರಡು ಬೆರಳಿನ ನಡುವೆ ಉಜ್ಜಿ ನೋಡುತ್ತಾನೆ. ನುಣ್ಣಗಿದ್ದರೆ ಮಣ್ಣು, ಚುರುಚುರು ಅಂದರೆ ಮರಳು. ಮರಳು ಸಿಕ್ಕರೆ ಅಲ್ಲಿಗೇ ಕೈ ಬಿಡುತ್ತಾನೆ. ಇನ್ನೊಂದು ಸುತ್ತು ತಿರುಗಿಸಿದರೂ ಲೈನರಿನ ಗೋಡೆಗೆ ಗೀರು ಬೀಳುತ್ತದೆ. ಹೆಡ್ ಬಿಚ್ಚಿ, ಪಿಸ್ಟನ್ ಹೊರತೆಗೆದು ತೊಳೆಯುವುದೇ ದಾರಿ. ತುಂಗಭದ್ರೆಯ ನೆರೆನೀರು ಬರೀ ನೀರಲ್ಲ. ಅದರ ಜೊತೆ ಮಲೆನಾಡಿನ ಮಣ್ಣು, ಹೊಳೆಯ ಮರಳು, ಗದ್ದೆಯ ಕಸ ಎಲ್ಲವೂ ಬಂದಿರುತ್ತವೆ. ಪುಸ್ತಕದಲ್ಲಿ ಹೇಳಿದ ‘ನೀರು ಹೊರಹಾಕಿ, ಎಣ್ಣೆ ಬದಲಿಸಿ, ಓಡಿಸಿ’ ಎಂಬ ಮೂರು ಮೆಟ್ಟಿಲು ತಿಳಿನೀರಿಗೆ ಹೊಂದುತ್ತದೆ. ನಮ್ಮ ಹೊಳೆಯ ಕೆನ್ನೀರಿಗೆ ಅಷ್ಟು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ರಾಡ್ ಬಗ್ಗಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣದು. ಸ್ವಲ್ಪವೇ ಬಗ್ಗಿದ ರಾಡ್ ಇದ್ದರೂ ಇಂಜಿನ್ ಸ್ಟಾರ್ಟ್ ಆಗುತ್ತದೆ, ಮೋಸ ಮಾಡುವುದು ಹೀಗೆಯೇ. ಹೊಗೆ ಜಾಸ್ತಿ, ಎಳೆತ ಕಡಿಮೆ, ಒಳಗೆ ಟಕಟಕ ಸದ್ದು. ಕೆಲವು ವಾರ ಓಡಿ ಒಂದು ದಿನ ಒಡೆಯುತ್ತದೆ. ಹಳೆಯ ಮೆಕ್ಯಾನಿಕ್‌ಗಳ ಹತ್ತಿರ ಇದಕ್ಕೊಂದು ಒಳ್ಳೆಯ ಪರೀಕ್ಷೆಯಿದೆ: ಸೀಸದ ತೆಳು ತಂತಿಯ ತುಂಡನ್ನು ಪಿಸ್ಟನ್ ಮೇಲಿಟ್ಟು, ಹೆಡ್ ಬಿಗಿದು, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತಾರೆ. ಪಿಸ್ಟನ್ ಮತ್ತು ಹೆಡ್ ನಡುವೆ ಸಿಕ್ಕು ಚಪ್ಪಟೆಯಾದ ತಂತಿಯ ದಪ್ಪವನ್ನು ಅಳೆಯುತ್ತಾರೆ. ಕಂಪನಿ ಹೇಳಿದ ಅಳತೆಗಿಂತ ತಂತಿ ದಪ್ಪ ಉಳಿದಿದ್ದರೆ ಪಿಸ್ಟನ್ ತನ್ನ ಎತ್ತರಕ್ಕೆ ಬರುತ್ತಿಲ್ಲ, ಅಂದರೆ ರಾಡ್ ಗಿಡ್ಡವಾಗಿದೆ. ಹತ್ತು ರೂಪಾಯಿಯ ಸೀಸದಲ್ಲಿ ಸಿಗುವ ಈ ಉತ್ತರವನ್ನು ಕೇಳದೆಯೇ ‘ಓಡ್ತಲ್ಲ, ಬಿಡಿ’ ಎನ್ನುವ ಅಭ್ಯಾಸ ಹೋಗಬೇಕು.

ಈಗ ಎರಡನೆಯ ತಪ್ಪು, ಆಲಸ್ಯದ್ದು. ನೆರೆ ಇಳಿದ ಮೇಲೆ ಮನೆ ತೊಳೆಯಬೇಕು, ದನಕ್ಕೆ ಮೇವು ಹುಡುಕಬೇಕು, ಬೆಳೆಹಾನಿಯ ಅರ್ಜಿ ಬರೆಯಬೇಕು. ಇಂಜಿನ್ ಸರದಿ ಬರುವುದು ಕೊನೆಗೆ. ಆದರೆ ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕು. ಮುಳುಗಿರುವಷ್ಟು ಹೊತ್ತು ಗಾಳಿ ಕಡಿಮೆ. ಮೇಲೆತ್ತಿದ ಕ್ಷಣದಿಂದ ಒದ್ದೆ ಲೋಹದ ಮೇಲೆ ಎರಡೂ ಕೂಡುತ್ತವೆ. ಉಜ್ಜಿ ಹೊಳಪು ಕೊಟ್ಟ ಬೇರಿಂಗ್, ಲೈನರ್, ವಾಲ್ವ್ ಕಾಂಡಗಳಿಗೆ ಗಂಟೆಗಳಲ್ಲೇ ಕೆಂಪು ಹತ್ತುತ್ತದೆ. ಅದಕ್ಕೇ ದೋಣಿ ಮೋಟಾರಿನ ಕೆಲಸ ಬಲ್ಲವರು ವಿಚಿತ್ರವಾಗಿ ಕಾಣುವ ಒಂದು ಸಲಹೆ ಕೊಡುತ್ತಾರೆ: ಕೂಡಲೇ ಬಿಚ್ಚಲು ಆಗದಿದ್ದರೆ ಮೇಲೆತ್ತಿ ಒಣಗಿಸಬೇಡಿ, ತಿಳಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಿ. ಸಣ್ಣ ಮೋಟಾರಿಗೆ ಇದು ಸರಿ. ಇಬ್ಬರು ಮೂವರು ಹೊರಬೇಕಾದ ಡೀಸೆಲ್ ಇಂಜಿನ್‌ಗೆ ಆಗದ ಮಾತು. ಅದಕ್ಕೆ ಬದಲಿ ಇದೆ. ಹೊರಗೆಲ್ಲ ತಿಳಿನೀರಿನಲ್ಲಿ ತೊಳೆದು, ಸಿಲಿಂಡರಿನ ನೀರು ತೆಗೆದು, ನಾಝಲ್ ತೂತಿನಿಂದ ಡೀಸೆಲ್ಲಿಗೆ ಇಂಜಿನ್ ಆಯಿಲ್ ಬೆರೆಸಿ ಸುರಿದು, ಮರಳು ಸಿಕ್ಕಿಲ್ಲದಿದ್ದರೆ ಚಕ್ರವನ್ನು ಮೆಲ್ಲಗೆ ಎರಡು ಸುತ್ತು ತಿರುಗಿಸಿ ಬಿಡುವುದು. ಎಣ್ಣೆಯ ಪದರ ಗಾಳಿಯನ್ನು ತಡೆಯುತ್ತದೆ. ಮೆಕ್ಯಾನಿಕ್ ಬರಲು ನಾಲ್ಕು ದಿನವಾದರೂ ಚಿಂತೆಯಿಲ್ಲ. ಇದಕ್ಕೆ ಹಿಡಿಯುವುದು ಅರ್ಧ ಗಂಟೆಯ ಕೆಲಸ, ಒಂದು ಸ್ಪ್ಯಾನರ್.

ಇಂಜಿನ್ ಎಣ್ಣೆಯ ಸಂಗತಿ ಸ್ವಲ್ಪ ಬೇರೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಬೆಳ್ಳಗೆ ಕೆನೆಗಟ್ಟಿದ್ದರೆ ನೀರು ಬೆರೆತಿದೆ ಎಂದೇ ಅರ್ಥ. ಮಟ್ಟ ಮೊದಲಿಗಿಂತ ಏರಿದ್ದರೂ ಅದೇ. ಅನುಮಾನವಿದ್ದರೆ ಕಾದ ಹೆಂಚಿನ ಮೇಲೆ ಒಂದು ಹನಿ ಬಿಡಿ, ಚಟಚಟ ಸಿಡಿದರೆ ನೀರಿದೆ. ನೀರು ಎಣ್ಣೆಗಿಂತ ಭಾರ, ಹಾಗಾಗಿ ಕದಡದೆ ಬಿಟ್ಟ ಇಂಜಿನ್‌ನ ಡ್ರೈನ್ ಬೋಲ್ಟ್ ಸಡಿಲಿಸಿದರೆ ಮೊದಲು ಬರುವುದು ನೀರೇ. ಓಡಿಸಿದ ಮೇಲೆ ಬಿಚ್ಚಿದರೆ ಎರಡೂ ಕಲಸಿ ಹೋಗಿರುತ್ತವೆ. ಒಂದು ಸಲ ಆಯಿಲ್ ಬದಲಿಸಿದರೆ ಸಾಲದು. ಕಡಿಮೆ ಬೆಲೆಯ ಆಯಿಲ್ ಹಾಕಿ ಹತ್ತು ಹದಿನೈದು ನಿಮಿಷ ಭಾರವಿಲ್ಲದೆ ಓಡಿಸಿ ಬಸಿಯಬೇಕು, ಮತ್ತೆ ಹಾಕಬೇಕು, ಬಣ್ಣ ತಿಳಿಯಾಗುವ ತನಕ. ಫಿಲ್ಟರ್ ಪ್ರತಿ ಸಲವೂ ಹೊಸದು. ಇಷ್ಟಾದ ಮೇಲೂ ಆಯಿಲ್ ಮತ್ತೆ ಮತ್ತೆ ಬೆಳ್ಳಗಾದರೆ ಅದು ನೆರೆಯ ನೀರಲ್ಲ, ಇಂಜಿನ್ ತಣಿಸುವ ನೀರು. ಹೆಡ್ ಗ್ಯಾಸ್ಕೆಟ್ ಸುಟ್ಟಿರಬೇಕು, ಇಲ್ಲವೇ ಲೈನರಿನ ಕೆಳಗಿನ ರಬ್ಬರ್ ಉಂಗುರ ಸೋತಿರಬೇಕು. ನೆರೆಗೆ ಮೊದಲೇ ಇದ್ದ ಕಾಯಿಲೆ ನೆರೆಯ ಹೆಸರಿನಲ್ಲಿ ಬಯಲಾಗುವುದು ಹೀಗೆ.

ಇಂಧನದ ಕಡೆ ನೋಡಿದರೆ ಡೀಸೆಲ್ ನೀರಿಗಿಂತ ಹಗುರ. ಟ್ಯಾಂಕಿಗೆ ಹೊಕ್ಕ ನೀರು ತಳದಲ್ಲಿ ನಿಲ್ಲುತ್ತದೆ, ಟ್ಯಾಂಕಿನ ಕೊಳವೆಯೂ ತಳದಿಂದಲೇ ಹೊರಡುತ್ತದೆ. ಫ್ಯುಯೆಲ್ ಪಂಪಿನ ಪ್ಲಂಜರ್ ಮತ್ತು ಅದರ ಕವಚದ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಆ ಸಂದಿಗೆ ಜಾರುಗೊಡುವುದು ಡೀಸೆಲ್ಲೇ, ನೀರು ಬಂದರೆ ಲೋಹ ಲೋಹಕ್ಕೆ ಅಂಟಿಕೊಳ್ಳುತ್ತದೆ. ಟ್ಯಾಂಕಿನ ತಳ ಬಸಿದು, ಫಿಲ್ಟರ್ ಬದಲಿಸಿ, ಗಾಳಿ ತೆಗೆದು, ಆಮೇಲೆ ಮಾತ್ರ ನಾಝಲಿಗೆ ಪೈಪ್ ಕೂಡಿಸಬೇಕು. ತಳದಲ್ಲಿ ನೀರು ತಿಂಗಳುಗಟ್ಟಲೆ ನಿಂತರೆ ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಶಿಲೀಂಧ್ರ ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ಪೆಟ್ರೋಲಿನ ಕತೆ ಈಚೆಗೆ ಬದಲಾಗಿದೆ. ಎಥೆನಾಲ್ ಬೆರಕೆ 2025ರಲ್ಲಿ ದೇಶದಲ್ಲಿ ಶೇ 20ಕ್ಕೆ ಬಂದಿದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಒಂದು ಮಟ್ಟ ಮೀರಿದರೆ ನೀರನ್ನು ಹಿಡಿದುಕೊಂಡೇ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ. ಹಿಂದೆಲ್ಲ ತಳದ ನೀರನ್ನಷ್ಟೇ ಚೆಲ್ಲಿ ಮೇಲಿನ ಪೆಟ್ರೋಲ್ ಉಳಿಸಿಕೊಳ್ಳಬಹುದಿತ್ತು. ಈಗ ಮೇಲೆ ಉಳಿದದ್ದು ಸತ್ವ ಕಳೆದ ಪೆಟ್ರೋಲ್. ಪೂರ್ತಿ ಚೆಲ್ಲುವುದೇ ಲೇಸು.

ಇನ್ನು ದೋಣಿಗೆ ಬರೋಣ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಶಾಂತಿಸಾಗರ, ಸುಮಾರು ಆರೂವರೆ ಸಾವಿರ ಎಕರೆ ಹರಡಿಕೊಂಡ ನೀರು. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಶಾಂತವ್ವ ಕಟ್ಟಿಸಿದಳೆಂದು ಜನ ನೆನೆಯುವ ಈ ಕೆರೆಯಿಂದ ಚಿತ್ರದುರ್ಗದ ತನಕ ಕುಡಿಯುವ ನೀರು ಹೋಗುತ್ತದೆ. ಇಂಥ ಒಳನಾಡಿನ ಕೆರೆಗಳ ಮೀನುಗಾರರು ಹೆಚ್ಚಾಗಿ ನೆಚ್ಚಿಕೊಂಡಿರುವುದು ತೆಪ್ಪ, ಹರಿಗೋಲು ಮತ್ತು ಹುಟ್ಟನ್ನು. ಮೋಟಾರು ದೋಣಿ ಬರುವುದು ನೆರೆಯ ಹೊತ್ತಿಗೆ, ಯಾರಾದರೂ ನೀರುಪಾಲಾದಾಗ ಹುಡುಕಲು, ಅಥವಾ ವಿಹಾರಕ್ಕೆ. ಹಾಗೆ ಬಂದ ಮೋಟಾರಿಗೆ ಕೆರೆಯಲ್ಲಿ ಕಾದಿರುವ ಶತ್ರು ಬಲೆಯ ನೈಲಾನ್ ನೂಲು. ಹರಿದು ತೇಲುವ ನೂಲು ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು, ತಿರುಗಿ ತಿರುಗಿ ಬಿಸಿಯಾಗಿ, ಒಳಗಿನ ಆಯಿಲ್ ಸೀಲನ್ನು ಕತ್ತರಿಸುತ್ತದೆ. ಅಲ್ಲಿಂದ ನೀರು ಗೇರ್ ಪೆಟ್ಟಿಗೆಗೆ ಇಳಿಯುತ್ತದೆ. ಮೇಲಿನ ಇಂಜಿನ್ ಚೆನ್ನಾಗಿಯೇ ಓಡುತ್ತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೆಳಗಿನ ಸ್ಕ್ರೂ ತೆಗೆದು ಗೇರ್ ಆಯಿಲ್ ಬಣ್ಣ ನೋಡಿದರೆ ತಿಳಿಯುತ್ತದೆ. ಕೆರೆಯಲ್ಲಿ ಓಡಿಸಿದ ಮೋಟಾರಿನ ಪ್ರೊಪೆಲ್ಲರನ್ನು ಆಗಾಗ ಬಿಚ್ಚಿ ಸುತ್ತಿದ ನೂಲು ಕೀಳುವುದು ಒಂದು ಸಣ್ಣ ಪದ್ಧತಿಯಾದರೂ ಗೇರ್ ಪೆಟ್ಟಿಗೆಯನ್ನು ಉಳಿಸುತ್ತದೆ.

ನೆರೆಯಲ್ಲಿ ದೋಣಿಯೇ ಮಗುಚಿದರೆ? 2019ರ ಆಗಸ್ಟ್‌ನಲ್ಲಿ ಇದೇ ತುಂಗಭದ್ರೆ ಹಂಪಿಯ ಆಚೆ ದಡದ ವಿರೂಪಾಪುರ ಗಡ್ಡೆಯನ್ನು ಸುತ್ತುವರಿದಾಗ ಜನರನ್ನು ಕರೆತರಲು ಹೋದ ರಕ್ಷಣಾ ದೋಣಿ ಮಗುಚಿ, ಸಿಬ್ಬಂದಿಯೇ ನೀರಿಗೆ ಬಿದ್ದು ಬದುಕಿ ಬಂದರು. ಅಂಥ ಸಂದರ್ಭಕ್ಕೆಂದೇ ಮೋಟಾರು ನಡೆಸುವವನ ಕೈಗೋ ಜಾಕೆಟ್ಟಿಗೋ ಒಂದು ಕೆಂಪು ಹಗ್ಗ ಕಟ್ಟಿರುತ್ತದೆ. ಆತ ಬಿದ್ದರೆ ಹಗ್ಗ ಕಿತ್ತು ಇಂಜಿನ್ ನಿಲ್ಲುತ್ತದೆ. ತಿರುಗುವ ಪ್ರೊಪೆಲ್ಲರಿನಿಂದ ಜೀವ ಉಳಿಸುವುದು ಅದರ ಮೊದಲ ಕೆಲಸ. ಎರಡನೆಯದನ್ನು ಜನ ಗಮನಿಸಿಲ್ಲ: ನೀರಿನೊಳಗೆ ಹೋಗುವ ಮೊದಲೇ ನಿಂತ ಇಂಜಿನ್‌ನ ರಾಡ್ ಬಗ್ಗುವ ಸಂಭವ ತೀರಾ ಕಡಿಮೆ. ಹಗ್ಗ ಕಟ್ಟಿಕೊಳ್ಳದೆ ಓಡಿಸಿದವನ ಇಂಜಿನ್ ಓಡುತ್ತಲೇ ಮುಳುಗುತ್ತದೆ.

ಎರಡು ಸ್ಟ್ರೋಕಿನ ಮೋಟಾರಾದರೆ ಅದರ ಕ್ರ್ಯಾಂಕ್‌ಕೇಸಿನಲ್ಲಿ ಬೇರೆ ಆಯಿಲ್ ಇರುವುದಿಲ್ಲ, ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಬೇರಿಂಗಿಗೆ ಆಸರೆ. ನೀರು ಆ ತೆಳು ಪದರವನ್ನು ತೊಳೆದುಬಿಡುತ್ತದೆ, ಹಾಗಾಗಿ ಇದಕ್ಕೆ ಕಾಲಾವಕಾಶ ಇನ್ನೂ ಕಡಿಮೆ. ಕೆಲಸ ಮಾತ್ರ ಸುಲಭ. ಕವಚ ತೆಗೆದು ತಿಳಿನೀರಿನಲ್ಲಿ ತೊಳೆದು, ಪ್ಲಗ್ ಬಿಚ್ಚಿ, ಪ್ಲಗ್ ತೂತು ಕೆಳಗೆ ಬರುವಂತೆ ಮೋಟಾರನ್ನು ಮಲಗಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ನೀರು ಬಸಿಯಬೇಕು. ಕಾರ್ಬುರೇಟರ್ ಬಟ್ಟಲು ಬಿಚ್ಚಿ ಚೆಲ್ಲಬೇಕು. ಸಿಲಿಂಡರಿಗೂ ಕಾರ್ಬುರೇಟರ್ ಬಾಯಿಗೂ ಎಣ್ಣೆ ಬಿಟ್ಟು ಮತ್ತೆ ತಿರುಗಿಸಬೇಕು. ಮ್ಯಾಗ್ನೆಟೋ ಮತ್ತು ವೈರಿನ ಕೂಡುಗಳನ್ನು ಒಣಗಿಸಿ ಹೊಸ ಪ್ಲಗ್ ಹಾಕಬೇಕು. ಸ್ಟಾರ್ಟ್ ಆದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಓಡಿಸಬೇಕು, ಬಿಸಿಗೆ ಒಳಗಿನ ತೇವ ಆರುತ್ತದೆ. ಓಡಿಸುವುದು ನೀರಿನ ಡ್ರಮ್ಮಿನಲ್ಲಿ ಕಾಲು ಮುಳುಗಿಸಿಯೇ, ಏಕೆಂದರೆ ತಣಿಸುವ ನೀರೆತ್ತುವ ರಬ್ಬರ್ ಇಂಪೆಲ್ಲರ್ ಒಣಗಿ ತಿರುಗಿದರೆ ಬೇಗ ಸುಡುತ್ತದೆ. ನಾಲ್ಕು ಸ್ಟ್ರೋಕಿನದಾದರೆ ಇಷ್ಟರ ಜೊತೆ ಮೇಲೆ ಹೇಳಿದ ಆಯಿಲ್ ಬದಲಾವಣೆಯೂ ಸೇರುತ್ತದೆ. ನನಗೆ ಕಳವಳ ಹುಟ್ಟಿಸುವುದು ಮುಳುಗಿದ ಮೋಟಾರಿಗಿಂತ ಗೋದಾಮಿನಲ್ಲಿ ವರ್ಷವಿಡೀ ಕದಲದೆ ನಿಂತ ರಕ್ಷಣಾ ಮೋಟಾರು. ಹಳಸಿದ ಪೆಟ್ರೋಲ್, ಒಣಗಿ ಸೆಟೆದ ಇಂಪೆಲ್ಲರ್ ಹೊತ್ತು ಅದು ಜುಲೈಯಲ್ಲಿ ಹೊಳೆಗೆ ಬರುತ್ತದೆ. ಜೂನ್ ಮೊದಲ ವಾರದಲ್ಲಿ ಒಂದು ಡ್ರಮ್ಮಿನಲ್ಲಿಟ್ಟು ಓಡಿಸಿ ನೋಡಿದರೆ ಸಾಕು.

ಕರಾವಳಿಯವರ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಳೆಗಾಲದ ಎರಡು ತಿಂಗಳು ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದಾಗ 10 ಅಶ್ವಶಕ್ತಿವರೆಗಿನ ನಾಡದೋಣಿಗಳು ಅಲೆ ಸೀಳಿಕೊಂಡು ಹೋಗುತ್ತವೆ. ಮಗುಚುವುದು ಅವರಿಗೆ ಹೊಸತಲ್ಲ. ಅವರ ಮೋಟಾರುಗಳಲ್ಲಿ ಹಲವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಉಪ್ಪುನೀರು ಅಲ್ಯೂಮಿನಿಯಮ್ಮನ್ನು ತಿನ್ನುವ ವೇಗಕ್ಕೆ ಹೆದರಿ ಅವರು ದಡಕ್ಕೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯುತ್ತಾರೆ. ನಮ್ಮದು ಸಿಹಿನೀರು, ಆ ವೇಗವಿಲ್ಲ, ಹಾಗಾಗಿ ನಮ್ಮಲ್ಲಿ ಆ ತುರ್ತೂ ಬೆಳೆದಿಲ್ಲ. ಉಪ್ಪಿನ ಬದಲು ನಮಗೆ ಮಣ್ಣಿದೆ ಎಂಬುದನ್ನು ಮರೆಯಬಾರದು.

ಇನ್ನು ವಿದ್ಯುತ್ ಮೋಟಾರುಗಳ ಮಾತು. ದಂಡೆಯ ಮಾನೋಬ್ಲಾಕ್ ಪಂಪ್ ಮುಳುಗಿದ್ದರೆ ಮೊದಲು ಕಂಬದ ಕಡೆಯೇ ಲೈನ್ ತೆಗೆಸಿ, ನಂತರವೇ ಫ್ಯೂಸ್ ಕೀಳಿ. ಒದ್ದೆ ಸ್ಟಾರ್ಟರ್ ಪೆಟ್ಟಿಗೆಗೆ ಕೈಹಾಕಿ ಜೀವ ಕಳೆದುಕೊಳ್ಳಬಾರದು. ಆಮೇಲೆ ಬಿಚ್ಚಿ, ಕೆಸರನ್ನು ತಿಳಿನೀರಿನಿಂದಲೇ ತೊಳೆಯಬೇಕು. ನೀರಿಗೆ ಹೆದರಿ ಕೆಸರನ್ನೇ ಒಣಗಿಸಿದರೆ ಅದು ತೇವ ಹಿಡಿದಿಟ್ಟುಕೊಂಡು ವೈಂಡಿಂಗ್ ಸುಡುತ್ತದೆ. ಬಿಸಿಲಲ್ಲಿ, ಮಳೆಗಾಲವಾದರೆ ಒಳಗೆ ಬಲ್ಬ್ ಉರಿಸಿ ಒಣಗಿಸಿ, ವೈಂಡಿಂಗಿನ ನಿರೋಧ ಅಳೆಯುವ 500 ವೋಲ್ಟಿನ ಮೆಗ್ಗರ್ ಇಟ್ಟು ನೋಡಿದಾಗ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಬಿಸಿಯಾಗಿದ್ದಾಗಲೂ, ತಣ್ಣಗಾದ ಮೇಲೂ. ಬೇರಿಂಗ್ ಬದಲಿಸಿ. ಮುಟ್ಟಿ ನೋಡಿ ಒಣಗಿದೆ ಎಂದು ಸ್ವಿಚ್ ಒತ್ತುವುದರಿಂದಲೇ ರೀವೈಂಡಿಂಗ್ ಅಂಗಡಿಗಳ ಮುಂದೆ ನೆರೆಯಾದ ಮೇಲೆ ಸಾಲು ನಿಲ್ಲುತ್ತದೆ.

ಜಗಳೂರಿಗೆ ಬಂದರೆ ಪ್ರಶ್ನೆ ತಲೆಕೆಳಗಾಗುತ್ತದೆ. ಈ ಬರದ ತಾಲ್ಲೂಕಿನ ಕೊಳವೆಬಾವಿಗಳಿಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರುಗಳಲ್ಲಿ ಒಂದು ಜಾತಿ ಎಣ್ಣೆ ತುಂಬಿದ್ದು, ಇನ್ನೊಂದು ನೀರು ತುಂಬಿದ್ದು. ಎಣ್ಣೆಯದಕ್ಕೆ ನೀರು ಹೊಕ್ಕರೆ ಕಾಯಿಲೆ. ಸೀಲ್ ಸೋತಿದೆ, ಎಣ್ಣೆ ಬೆಳ್ಳಗಾಗಿದೆ, ಎತ್ತಲೇಬೇಕು. ನೀರು ತುಂಬುವ ಮೋಟಾರಿನಲ್ಲಿ ಮಾತ್ರ ನೀರು ಇರುವುದೇ ಆರೋಗ್ಯ. ಅದರ ವೈಂಡಿಂಗ್ ತಂತಿಗೆ ಪ್ಲಾಸ್ಟಿಕ್ ಹೊದಿಕೆಯಿದ್ದು ಅದು ನೀರಿನಲ್ಲಿ ನೆನೆದುಕೊಂಡೇ ದುಡಿಯುತ್ತದೆ. ಕೆಳಗಿನ ತ್ರಸ್ಟ್ ಬೇರಿಂಗಿಗೆ ಎಣ್ಣೆಯೂ ನೀರೇ, ತಂಪೂ ನೀರೇ. ಅಂಗಡಿಯಿಂದ ತಂದ ಮೋಟಾರನ್ನು ನೀರು ತುಂಬದೆ ಹಾಗೇ ಇಳಿಸಿದರೆ ಬೇರಿಂಗ್ ಬಲುಬೇಗ ಸುಡುತ್ತದೆ. ಇಲ್ಲಿ ತಪಾಸಣೆಯೆಂದರೆ ‘ನೀರು ಹೊಕ್ಕಿದೆಯೇ’ ಎಂದಲ್ಲ, ‘ನೀರು ಸಾಕಷ್ಟಿದೆಯೇ, ತಿಳಿಯಾಗಿದೆಯೇ’ ಎಂದು. ನಿಜವಾದ ಸೋರಿಕೆ ಹೆಚ್ಚಾಗಿ ಆಗುವುದು ಮೋಟಾರಿನಲ್ಲಲ್ಲ, ಕೇಬಲ್ ಜೋಡಣೆಯಲ್ಲಿ. ಟೇಪ್ ಸುತ್ತಿದ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಗ್ಗರ್ ನೋಡಿ ಇಳಿಸುವ ಕೆಲಸಗಾರ ಸಿಕ್ಕರೆ ಅವನನ್ನು ಬಿಡಬೇಡಿ. ನೂರಾರು ಅಡಿ ಪೈಪ್ ಮೇಲೆತ್ತುವ ಖರ್ಚಿನ ಮುಂದೆ ಅವನ ಕೂಲಿ ಏನೂ ಅಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಪಂಪಿಗಿಂತ ಕೆಳಗೆ ಹೋದರೆ ಇದೇ ಮೋಟಾರು ಒಣಗಿ ಓಡಿ ಸುಡುತ್ತದೆ. ಡ್ರೈ ರನ್ ತಡೆಯುವ ಸಾಧನ ಸ್ಟಾರ್ಟರಿನಲ್ಲಿರಲೇಬೇಕು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಯಿಂದ ಅಂತರ್ಜಲ ಏರಿದ ಕಡೆ ಈ ಚಿಂತೆ ತುಸು ಕಡಿಮೆಯಾಗಬಹುದು. ಆ ನೀರು ಬರುವುದೂ ನೆರೆಗೆ ಮೈಯೊಡ್ಡಿ ನಿಂತ ಹೊಳೆದಂಡೆಯ ಪಂಪುಗಳಿಂದಲೇ.

ವಿಮೆಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ವಾಹನಗಳ ಸಾಮಾನ್ಯ ಸಮಗ್ರ ವಿಮೆಯಲ್ಲಿ ನೆರೆಯ ಹಾನಿ ಸೇರುತ್ತದೆ. ಆದರೆ ನೀರು ಹೊಕ್ಕ ಇಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಿ ರಾಡ್ ಬಗ್ಗಿದರೆ ಅದನ್ನು ನೆರೆಯ ಹಾನಿಯೆಂದು ಎಣಿಸದೆ ಆಮೇಲಿನ ಹಾನಿಯೆಂದು ಕಂಪನಿಗಳು ತಳ್ಳಿಹಾಕುತ್ತವೆ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿದವರಿಗೆ ಮಾತ್ರ ಸಿಕ್ಕೀತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದಾಗ ಕಾರಿದ್ದವರಿಗೆ ಮುಟ್ಟಿದ ಈ ವಿಷಯ ಹೊನ್ನಾಳಿಯ ಟ್ರ್ಯಾಕ್ಟರ್ ಮಾಲೀಕರಿಗೂ ಮುಟ್ಟಬೇಕು. ಮುಳುಗಿದ ಸ್ಥಿತಿಯಲ್ಲೇ ಮೊಬೈಲಿನಲ್ಲಿ ಚಿತ್ರ ತೆಗೆದು, ಕೀಲಿ ಮುಟ್ಟದೆ, ಟ್ರಾಲಿಯಲ್ಲಿ ಹೇರಿಕೊಂಡು ಹೋಗುವುದು ಯಂತ್ರಕ್ಕೂ ಕಾಗದಕ್ಕೂ ಒಳ್ಳೆಯದು.

ಇಷ್ಟೆಲ್ಲ ವಿದ್ಯೆ ನಮ್ಮ ತಾಲ್ಲೂಕುಗಳಲ್ಲಿ ಇಲ್ಲವೆಂದಲ್ಲ. ಹೊನ್ನಾಳಿ, ಚನ್ನಗಿರಿಗಳ ಗ್ಯಾರೇಜುಗಳಲ್ಲಿ ಇದನ್ನು ಬೆರಳ ತುದಿಯಲ್ಲಿ ಬಲ್ಲ ಜನ ಇದ್ದಾರೆ. ಕೊರತೆಯಿರುವುದು ಹೊಳೆ ಇಳಿದ ಬೆಳಗ್ಗೆ ಆ ವಿದ್ಯೆ ಇಂಜಿನ್ ಹತ್ತಿರ ಇರುವುದರಲ್ಲಿ. ಗಾಜನೂರಿನಿಂದ ನೀರು ಬಿಟ್ಟರೆಂಬ ಎಚ್ಚರಿಕೆ ಈಗ ಮೊಬೈಲಿಗೆ ಬರುತ್ತದೆ, ಜನ ಜಾನುವಾರುಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ ಎನ್ನುತ್ತದೆ. ಅದೇ ಸಂದೇಶಕ್ಕೆ ಇನ್ನೊಂದು ಸಾಲು ಸೇರಲಿ: ಪಂಪ್‌ಸೆಟ್ ಮೇಲೆತ್ತಿ, ಎತ್ತಲಾಗದಿದ್ದರೆ ನಿಲ್ಲಿಸಿ, ಸೈಲೆನ್ಸರ್ ಮತ್ತು ಏರ್ ಫಿಲ್ಟರಿನ ಬಾಯಿ ಕಟ್ಟಿ, ಮುಳುಗಿದರೆ ತಿರುಗಿಸಬೇಡಿ. ಗಾಜನೂರಿಗೆ ಹತ್ತಿರದ ಶಿವಮೊಗ್ಗದಿಂದ ಹೊನ್ನಾಳಿಗೆ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ನೀರು ಬರುವ ಮೊದಲು ಕೆಲವು ಗಂಟೆಗಳಾದರೂ ಸಿಗುತ್ತವೆ, ಬಾಯಿ ಕಟ್ಟಲು ಪ್ಲಾಸ್ಟಿಕ್ ಚೀಲ, ಸೈಕಲ್ ಟ್ಯೂಬಿನ ಪಟ್ಟಿ ಸಾಕು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆ ಮೇ ತಿಂಗಳಲ್ಲಿ ಹೊನ್ನಾಳಿ, ಗೋವಿನಕೋವಿ, ಸಾಸ್ವೆಹಳ್ಳಿಗಳಲ್ಲಿ ಒಂದೊಂದು ದಿನ ನಾಝಲ್ ಬಿಚ್ಚಿ ನೀರು ತೆಗೆಯುವುದನ್ನು, ಎಣ್ಣೆ ತುಂಬಿಡುವುದನ್ನು ರೈತರ ಕೈಯಿಂದಲೇ ಮಾಡಿಸಿದರೆ, ಆಗಸ್ಟ್‌ನಲ್ಲಿ ನೀರು ಇಳಿದ ದಂಡೆಯಲ್ಲಿ ಮೆಕ್ಯಾನಿಕ್ ಬರುವ ತನಕ ಇಂಜಿನ್ ಕಾಯುವ ಕೆಲಸ ಪ್ರತಿ ಮನೆಯಲ್ಲೂ ಒಬ್ಬರಿಗೆ ಗೊತ್ತಿರುತ್ತದೆ.